ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದರೂ ನಿಲ್ಲದಿದ್ದಾಗ: ಉಬುಂಟು ಸರ್ವರ್‌ನ ರೂಟ್ ಪ್ರವೇಶದ ದೋಷ ನಿವಾರಣೆ

ದೂರದ ಸರ್ವರ್‌ಗೆ ಜಾಲದ ಮೂಲಕ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಕಾನ್ಫಿಗ್ (ಸೆಟ್ಟಿಂಗ್) ಕಡತದಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ 'ನೋ' ಎಂದು ಬರೆದು, ಸೇವೆಯನ್ನು ರೀಸ್ಟಾರ್ಟ್ ಮಾಡಿ, ಕೆಲಸ ಮುಗಿಯಿತೆಂದುಕೊಂಡ ಮೇಲೂ ಲಾಗ್‌ನಲ್ಲಿ 'ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್' ಎಂಬ ಸಾಲುಗಳು ಬರುತ್ತಲೇ ಇರುತ್ತವೆ (ರೂಟ್ ಎಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ). ಈ ಕೈಪಿಡಿ ಹೊರಡುವುದು ಆ ಒಂದು ಲಕ್ಷಣದಿಂದ. ಉಬುಂಟು 22.04 ಮತ್ತು 24.04 ಆವೃತ್ತಿಗಳನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಡೆಬಿಯನ್‌ಗೆ ಇದು ಬಹುಪಾಲು ಹಾಗೆಯೇ ಅನ್ವಯಿಸುತ್ತದೆ. ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಬೇರೆಯಾಗುವ ವಿಷಯಗಳನ್ನು ಆಯಾ ಜಾಗದಲ್ಲೇ ಹೇಳಿದ್ದೇನೆ. ಇಲ್ಲಿನ ಪ್ರತಿಯೊಂದು ಪರೀಕ್ಷೆಯ ಹಿಂದೆಯೂ ಇರುವ ಮಾತು ಒಂದೇ. ಕಡತದಲ್ಲಿ ಏನು ಬರೆದಿದೆ ಎಂಬುದರಿಂದ ಸರ್ವರ್ ಭದ್ರವಾಗಿದೆಯೆಂದು ತೀರ್ಮಾನಿಸಬಾರದು. ಓಡುತ್ತಿರುವ ಸರ್ವರ್ ಹೇಗೆ ನಡೆದುಕೊಳ್ಳುತ್ತಿದೆ ಎಂಬುದನ್ನು ಅದರಿಂದಲೇ ಕೇಳಿ ತಿಳಿಯಬೇಕು.

ಲಾಗ್ ಏನು ಹೇಳುತ್ತಿದೆ

ಉಬುಂಟುವಿನಲ್ಲಿ ಲಾಗಿನ್ ದಾಖಲೆಗಳು /ವಾರ್/ಲಾಗ್/ಆಥ್.ಲಾಗ್ ಕಡತದಲ್ಲಿಯೂ ರೆಡ್ ಹ್ಯಾಟ್ ಕುಟುಂಬದಲ್ಲಿ /ವಾರ್/ಲಾಗ್/ಸೆಕ್ಯೂರ್ ಕಡತದಲ್ಲಿಯೂ ಸಿಗುತ್ತವೆ. ಸಾರ್ವಜನಿಕ ಐಪಿ ವಿಳಾಸವಿರುವ ಯಾವುದೇ ಯಂತ್ರದ 22ನೇ ಪೋರ್ಟನ್ನು ಸ್ವಯಂಚಾಲಿತ ಬಾಟ್‌ಗಳು ಹಗಲೂ ರಾತ್ರಿಯೂ ತಟ್ಟುತ್ತಿರುತ್ತವೆ. ಆದ್ದರಿಂದ ವಿಫಲ ಯತ್ನದ ಸಾಲುಗಳು ಕಂಡ ಮಾತ್ರಕ್ಕೆ ಯಾರೋ ಒಳಗೆ ನುಗ್ಗಿದ್ದಾರೆಂದು ಗಾಬರಿಪಡಬೇಕಾಗಿಲ್ಲ. ಆದರೆ ಆ ಸಾಲಿನ ರೂಪವನ್ನು ಮಾತ್ರ ಗಮನವಿಟ್ಟು ಓದಬೇಕು. ಒಂದು ಮಾದರಿ ಹೀಗಿರುತ್ತದೆ:

ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್ ಫ್ರಮ್ 203.0.113.45 ಪೋರ್ಟ್ 51234 ಎಸ್‌ಎಸ್‌ಎಚ್2

ಪಾಸ್‌ವರ್ಡ್ ವಿಧಾನ ನಿಜವಾಗಿಯೂ ನಿಂತಿದ್ದರೆ ಈ ಸಾಲು ಸಾಮಾನ್ಯವಾಗಿ ಹುಟ್ಟುವುದಿಲ್ಲ. ಆಗ ಸರ್ವರ್ ಪಾಸ್‌ವರ್ಡನ್ನು ಕೇಳುವುದೇ ಇಲ್ಲವಾದ್ದರಿಂದ, ಲಾಗ್‌ನಲ್ಲಿ 'ಕನೆಕ್ಷನ್ ಕ್ಲೋಸ್ಡ್ ಬೈ ಅಥೆಂಟಿಕೇಟಿಂಗ್ ಯೂಸರ್ ರೂಟ್' ಎಂಬಂಥ ಸಾಲು, ಕೊನೆಯಲ್ಲಿ 'ಪ್ರೀಆಥ್' ಎಂಬ ಗುರುತಿನೊಂದಿಗೆ ಬರುತ್ತದೆ. ಹಾಗಾಗಿ ಮೇಲಿನ ಮಾದರಿಯ ಸಾಲು ಇಂದಿನ ದಿನಾಂಕದೊಂದಿಗೆ ಕಂಡರೆ, ನೀವು ಮಾಡಿದ ಬದಲಾವಣೆ ಜಾರಿಗೆ ಬಾರದಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಓಪನ್‌ಎಸ್‌ಎಸ್‌ಎಚ್ 7.0 ಆವೃತ್ತಿ 2015ರಲ್ಲಿ ಬಂದಾಗಿನಿಂದ 'ಪರ್ಮಿಟ್‌ರೂಟ್‌ಲಾಗಿನ್' ಎಂಬ ಆಯ್ಕೆಯ ಮೂಲ ಬೆಲೆ 'ಪ್ರೊಹಿಬಿಟ್-ಪಾಸ್‌ವರ್ಡ್' ಆಗಿದೆ. ಅಂದರೆ ರೂಟ್ ಖಾತೆಗೆ ಕೀ (ಪಾಸ್‌ವರ್ಡ್ ಬದಲು ಬಳಸುವ ಕೀಲಿ ಕಡತ) ಮೂಲಕ ಪ್ರವೇಶವಿದೆ, ಪಾಸ್‌ವರ್ಡ್ ಮೂಲಕ ಇಲ್ಲ. ಈ ಸ್ಥಿತಿಯಲ್ಲಿ ಪಾಸ್‌ವರ್ಡ್ ವಿಧಾನ ಉಳಿದ ಬಳಕೆದಾರರಿಗಾಗಿ ತೆರೆದಿದ್ದರೆ, ರೂಟ್‌ನ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಸರ್ವರ್ ಅದನ್ನು ತಿರಸ್ಕರಿಸಿ ಲಾಗ್‌ನಲ್ಲಿ 'ಫೇಲ್ಡ್' ಎಂದೇ ಬರೆಯುತ್ತದೆ. ಹೀಗಾಗಿ ರೂಟ್ ಹೆಸರಿನ ವಿಫಲ ಸಾಲಿನಿಂದ ರೂಟ್‌ಗೆ ಅಪಾಯವಿದೆಯೇ ಎಂಬುದು ತಿಳಿಯುವುದಿಲ್ಲ. ಆದರೆ ಸೂಡೋ (ರೂಟ್ ಆಗಿ ಕಮಾಂಡ್ ಓಡಿಸುವ) ಅಧಿಕಾರವಿರುವ ಉಳಿದ ಖಾತೆಗಳ ಪಾಸ್‌ವರ್ಡ್‌ಗಳನ್ನು ಇದೇ ಕ್ಷಣದಲ್ಲಿ ಯಾರಾದರೂ ಊಹಿಸುತ್ತಿರಬಹುದು ಎಂಬುದಂತೂ ತಿಳಿಯುತ್ತದೆ.

ಮುಂದುವರಿಯುವ ಮುನ್ನ ಲಾಗ್‌ನಲ್ಲಿ 'ಆಕ್ಸೆಪ್ಟೆಡ್' ಎಂಬ ಪದವನ್ನು ಗ್ರೆಪ್ ಮಾಡಿ ಹುಡುಕಿ, ಜಿಪ್ ಆಗಿರುವ ಹಳೆಯ ಲಾಗ್‌ಗಳಲ್ಲಿ ಝಡ್‌ಗ್ರೆಪ್ ಬಳಸಿ ಹುಡುಕಿ. 'ಆಕ್ಸೆಪ್ಟೆಡ್ ಪಾಸ್‌ವರ್ಡ್', 'ಆಕ್ಸೆಪ್ಟೆಡ್ ಪಬ್ಲಿಕ್‌ಕೀ', 'ಆಕ್ಸೆಪ್ಟೆಡ್ ಕೀಬೋರ್ಡ್-ಇಂಟರ್ಯಾಕ್ಟಿವ್' ಎಂಬ ಮೂರೂ ರೂಪಗಳನ್ನು ನೋಡಬೇಕು. ನಿಮ್ಮದಲ್ಲದ ವಿಳಾಸದಿಂದ ಒಂದೇ ಒಂದು ಯಶಸ್ವಿ ಪ್ರವೇಶ ಕಂಡರೂ ದುರಸ್ತಿಯನ್ನು ಅಲ್ಲಿಗೇ ನಿಲ್ಲಿಸಿ, ಈ ಕೈಪಿಡಿಯ ಕೊನೆಯ ಭಾಗಕ್ಕೆ ಹೋಗಬೇಕು. ಆ ಹೊತ್ತಿನಲ್ಲಿ ಕಾನ್ಫಿಗ್ ಸರಿಪಡಿಸಲು ಕುಳಿತರೆ ಸಾಕ್ಷ್ಯ ಅಳಿಸಿಹೋಗುತ್ತದೆ.

ಹೊರಗಿನಿಂದ ಮಾಡುವ ಪರೀಕ್ಷೆ

ಸರ್ವರ್ ಯಾವ ಯಾವ ವಿಧಾನಗಳಿಗೆ ಒಪ್ಪುತ್ತದೆ ಎಂಬುದನ್ನು ಪಾಸ್‌ವರ್ಡ್ ಕೊಡದೆಯೇ ತಿಳಿಯಬಹುದು. ನಿಮ್ಮ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಕಮಾಂಡ್ ಕೊಡುವಾಗ ಸ್ಮಾಲ್ 'ಓ' ಆಯ್ಕೆಯೊಂದಿಗೆ 'ಪ್ರಿಫರ್ಡ್‌ಅಥೆಂಟಿಕೇಷನ್ಸ್' ಎಂಬುದರ ಬೆಲೆಯನ್ನು 'ನನ್' ಎಂದು ಕೊಡಿ. ಸರ್ವರ್ ಕೂಡಲೇ 'ಪರ್ಮಿಷನ್ ಡಿನೈಡ್' ಎಂದು ಉತ್ತರಿಸುತ್ತದೆ, ಮತ್ತು ಆ ಸಾಲಿನ ಕೊನೆಯ ಆವರಣದಲ್ಲಿ ತಾನು ಒಪ್ಪುವ ವಿಧಾನಗಳ ಹೆಸರನ್ನು ತಾನೇ ಹೇಳುತ್ತದೆ. ಅಲ್ಲಿ 'ಪಬ್ಲಿಕ್‌ಕೀ' ಒಂದೇ ಇದ್ದರೆ ಸರಿ. ಅದರ ಜೊತೆಗೆ 'ಪಾಸ್‌ವರ್ಡ್' ಅಥವಾ 'ಕೀಬೋರ್ಡ್-ಇಂಟರ್ಯಾಕ್ಟಿವ್' ಇದ್ದರೆ ದೋಷ ಇನ್ನೂ ಇದೆ.

ಈ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಯಂತ್ರದ ಒಳಗೆ ಕುಳಿತು ಮಾಡುವ ಪರೀಕ್ಷೆಗಳು ಕಡತಗಳನ್ನು ಓದುತ್ತವೆ, ಇದು ಮಾತ್ರ ಓಡುತ್ತಿರುವ ಪ್ರೊಸೆಸ್ಸನ್ನೇ ಪ್ರಶ್ನಿಸುತ್ತದೆ. ಒಂದೇ ಯಂತ್ರದಲ್ಲಿ ಎರಡು ಎಸ್‌ಎಸ್‌ಎಚ್ ಸೇವೆಗಳು ಬೇರೆ ಬೇರೆ ಪೋರ್ಟ್‌ಗಳಲ್ಲಿ ಕುಳಿತಿರುವುದೂ ಉಂಟು. 'ಎಸ್‌ಎಸ್' ಕಮಾಂಡ್‌ನಿಂದ ಯಾವ ಪ್ರೊಸೆಸ್ ಯಾವ ಪೋರ್ಟ್‌ನಲ್ಲಿ ಕೇಳುತ್ತಿದೆ ಎಂಬ ಪಟ್ಟಿ ತೆಗೆದು, ಸಿಕ್ಕ ಪ್ರತಿಯೊಂದು ಪೋರ್ಟ್‌ಗೂ ಈ ಪರೀಕ್ಷೆಯನ್ನು ಮಾಡಬೇಕು.

'ನೋ' ಎಂದು ಬರೆದದ್ದು ಏಕೆ ಜಾರಿಯಾಗಲಿಲ್ಲ

ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಸೇವೆ ಒದಗಿಸುವ ಎಸ್‌ಎಸ್‌ಎಚ್‌ಡಿ ತನ್ನ ಕಾನ್ಫಿಗ್ ಕಡತವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಒಂದು ಆಯ್ಕೆಗೆ ಮೊದಲು ಸಿಕ್ಕ ಬೆಲೆಯನ್ನೇ ಹಿಡಿದುಕೊಂಡು, ಅದೇ ಆಯ್ಕೆ ಮುಂದೆ ಎಷ್ಟು ಸಲ ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಬಹಳಷ್ಟು ತಂತ್ರಾಂಶಗಳಲ್ಲಿ ಕೊನೆಯ ಸಾಲು ಗೆಲ್ಲುವುದು ರೂಢಿಯಾದ್ದರಿಂದ, ಅನುಭವವಿರುವವರೂ ಕಡತದ ಕೊನೆಗೆ ಹೊಸ ಸಾಲು ಸೇರಿಸಿ ಹಳೆಯದು ರದ್ದಾಯಿತೆಂದು ತಿಳಿಯುತ್ತಾರೆ.

ಈ ನಿಯಮಕ್ಕೆ 'ಇನ್‌ಕ್ಲೂಡ್' ಸಾಲು ಸೇರಿಕೊಂಡಾಗ ತೊಡಕು ಹೆಚ್ಚುತ್ತದೆ. ಇತ್ತೀಚಿನ ಉಬುಂಟು ಆವೃತ್ತಿಗಳಲ್ಲಿ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಕಡತದ ಆರಂಭದಲ್ಲೇ, ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಎಂಬ ಫೋಲ್ಡರ್‌ನಲ್ಲಿ '.ಕಾನ್ಫ್' ಎಂದು ಮುಗಿಯುವ ಎಲ್ಲ ಕಡತಗಳನ್ನೂ ಸೇರಿಸಿಕೊಳ್ಳುವ ಸೂಚನೆಯಿದೆ. ಆರಂಭದಲ್ಲಿರುವುದರಿಂದ ಆ ಫೋಲ್ಡರ್‌ನ ಕಡತಗಳೇ ಮೊದಲು ಓದಲ್ಪಟ್ಟು, ಅವುಗಳ ಬೆಲೆಗಳೇ ಗೆಲ್ಲುತ್ತವೆ. ಕ್ಲೌಡ್ ಕಂಪನಿಗಳಿಂದ ಬಾಡಿಗೆಗೆ ಪಡೆದ ಯಂತ್ರಗಳನ್ನು ಮೊದಲ ಬಾರಿಗೆ ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಎಂಬ ತಂತ್ರಾಂಶ, ಪಾಸ್‌ವರ್ಡ್ ಮೂಲಕ ಪ್ರವೇಶ ಬೇಕೆಂದು ಯಂತ್ರ ಸೃಷ್ಟಿಸುವಾಗ ಕೇಳಿದ್ದರೆ, ಇದೇ ಫೋಲ್ಡರ್‌ನಲ್ಲಿ '50-ಕ್ಲೌಡ್-ಇನಿಟ್.ಕಾನ್ಫ್' ಎಂಬ ಕಡತವನ್ನಿಟ್ಟು ಅದರೊಳಗೆ 'ಪಾಸ್‌ವರ್ಡ್‌ಅಥೆಂಟಿಕೇಷನ್ ಯೆಸ್' ಎಂಬ ಸಾಲನ್ನು ಬರೆದಿರುತ್ತದೆ. ನೀವು ಮುಖ್ಯ ಕಡತದಲ್ಲಿ 'ನೋ' ಎಂದು ಬರೆದದ್ದು ಸರಿಯಾಗಿಯೇ ಇರುತ್ತದೆ, ಸೇವೆ ಯಾವ ದೂರೂ ಇಲ್ಲದೆ ಮೇಲೇಳುತ್ತದೆ, ಪಾಸ್‌ವರ್ಡ್ ಪ್ರವೇಶ ಮಾತ್ರ ಎಂದಿನಂತೆ ನಡೆಯುತ್ತದೆ. ದೋಷದ ಸಂದೇಶ ಎಲ್ಲಿಯೂ ಬಾರದಿರುವುದೇ ಇದರ ದೊಡ್ಡ ಅಪಾಯ.

ರೆಡ್ ಹ್ಯಾಟ್ 9ರಲ್ಲಿ ಇಂಥದ್ದೇ ಇನ್ನೊಂದಿದೆ. ಇನ್‌ಸ್ಟಾಲ್ ಮಾಡುವಾಗ ರೂಟ್‌ಗೆ ಪಾಸ್‌ವರ್ಡ್ ಮೂಲಕ ಎಸ್‌ಎಸ್‌ಎಚ್ ಪ್ರವೇಶ ಇರಲಿ ಎಂದು ಟಿಕ್ ಹಾಕಿದ್ದರೆ, ಅದೇ ಹೆಸರಿನ ಫೋಲ್ಡರ್‌ನಲ್ಲಿ '01-ಪರ್ಮಿಟ್‌ರೂಟ್‌ಲಾಗಿನ್.ಕಾನ್ಫ್' ಎಂಬ ಕಡತ ಉಳಿದುಬಿಡುತ್ತದೆ. ಹೆಸರು 01ರಿಂದ ಆರಂಭವಾಗುವ ಕಾರಣ ಅದು ಎಲ್ಲಕ್ಕಿಂತ ಮೊದಲು ಓದಲ್ಪಡುತ್ತದೆ.

ಎಲ್ಲ ಕಡತಗಳನ್ನೂ ಕೂಡಿಸಿದ ಮೇಲೆ ಅಂತಿಮವಾಗಿ ಯಾವ ಬೆಲೆ ನಿಂತಿತು ಎಂಬುದನ್ನು 'ಎಸ್‌ಎಸ್‌ಎಚ್‌ಡಿ' ಕಮಾಂಡ್‌ಗೆ ಕ್ಯಾಪಿಟಲ್ 'ಟಿ' ಆಯ್ಕೆ ಕೊಟ್ಟು, ಸೂಡೋ ಮೂಲಕ ಓಡಿಸಿ ತಿಳಿಯಬಹುದು. ಬರುವ ಉದ್ದನೆಯ ಪಟ್ಟಿಯಲ್ಲಿ ಪಾಸ್‌ವರ್ಡ್‌ಅಥೆಂಟಿಕೇಷನ್, ಕೆಬಿಡಿಇಂಟರ್ಯಾಕ್ಟಿವ್‌ಅಥೆಂಟಿಕೇಷನ್, ಪರ್ಮಿಟ್‌ರೂಟ್‌ಲಾಗಿನ್, ಆಥರೈಜ್ಡ್‌ಕೀಸ್‌ಫೈಲ್ ಎಂಬ ನಾಲ್ಕು ಸಾಲುಗಳನ್ನು ನೋಡಿದರೆ ಸಾಕು. ಪರ್ಮಿಟ್‌ರೂಟ್‌ಲಾಗಿನ್ ಎದುರು 'ವಿದೌಟ್-ಪಾಸ್‌ವರ್ಡ್' ಎಂದು ಕಂಡರೆ ಗಲಿಬಿಲಿಗೊಳ್ಳಬೇಡಿ: ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಬರಬಹುದೆಂದು ಅದರ ಅರ್ಥವಲ್ಲ, ಅದು 'ಪ್ರೊಹಿಬಿಟ್-ಪಾಸ್‌ವರ್ಡ್'ನ ಹಳೆಯ ಹೆಸರು. ಈ ಕಮಾಂಡ್ ಕಡತಗಳನ್ನು ಈಗ ಓದಿ ಉತ್ತರ ಕೊಡುತ್ತದೆಯೇ ಹೊರತು, ನಿನ್ನೆಯಿಂದ ಓಡುತ್ತಿರುವ ಪ್ರೊಸೆಸ್ ಏನನ್ನು ಓದಿಕೊಂಡಿತ್ತು ಎಂಬುದನ್ನು ಹೇಳುವುದಿಲ್ಲ. ಇದು 'ನೋ' ಎಂದು ಹೇಳಿಯೂ ಹೊರಗಿನ ಪರೀಕ್ಷೆ 'ಪಾಸ್‌ವರ್ಡ್' ಎಂದರೆ, ಸೇವೆ ರೀಲೋಡ್ ಆಗಿಲ್ಲವೆಂದೋ ಬೇರೊಂದು ಪ್ರೊಸೆಸ್ ಉತ್ತರಿಸುತ್ತಿದೆಯೆಂದೋ ತಿಳಿಯಬೇಕು, ಅಥವಾ ಮುಂದೆ ಹೇಳುವ ಮ್ಯಾಚ್ ಭಾಗವನ್ನು ಪರೀಕ್ಷಿಸಬೇಕು.

'ಮ್ಯಾಚ್' ಎಂಬ ಸಾಲಿನಿಂದ ಕೆಳಗಿರುವ ಎಲ್ಲವೂ, ಮುಂದಿನ ಮ್ಯಾಚ್ ಬರುವವರೆಗೆ ಅಥವಾ ಕಡತ ಮುಗಿಯುವವರೆಗೆ, ಆ ಷರತ್ತಿಗೆ ಒಳಪಟ್ಟವರಿಗೆ ಮಾತ್ರ ಅನ್ವಯಿಸುತ್ತದೆ. ಕಡತದ ಕೊನೆಯಲ್ಲಿ ಎಸ್‌ಎಫ್‌ಟಿಪಿ (ಕಡತ ವರ್ಗಾವಣೆ) ಬಳಕೆದಾರನಿಗಾಗಿ ಒಂದು ಮ್ಯಾಚ್ ಭಾಗವಿದ್ದು, ಅದರ ಕೆಳಗೆ ನೀವು 'ಪಾಸ್‌ವರ್ಡ್‌ಅಥೆಂಟಿಕೇಷನ್ ನೋ' ಎಂದು ಸೇರಿಸಿದರೆ ಪಾಸ್‌ವರ್ಡ್ ನಿಲ್ಲುವುದು ಆ ಒಬ್ಬನಿಗೆ ಮಾತ್ರ. ತದ್ವಿರುದ್ಧವಾಗಿ, ಕಚೇರಿಯ ವಿಳಾಸಗಳಿಂದ ಬರುವವರಿಗೆ ಪಾಸ್‌ವರ್ಡ್ ಇರಲಿ ಎಂದು ಹಿಂದೆ ಯಾರೋ ಬರೆದಿಟ್ಟ ಮ್ಯಾಚ್ ಭಾಗವೊಂದು ಒಟ್ಟಾರೆ 'ನೋ'ವನ್ನು ಮೀರಿ ನಿಲ್ಲುತ್ತದೆ. ಕ್ಯಾಪಿಟಲ್ ಟಿ ಒಂದನ್ನೇ ಕೊಟ್ಟರೆ ಈ ವಿಶೇಷ ಭಾಗಗಳು ಕಾಣುವುದಿಲ್ಲ. ಕ್ಯಾಪಿಟಲ್ 'ಸಿ' ಆಯ್ಕೆಯನ್ನೂ ಸೇರಿಸಿ, ಬಳಕೆದಾರನ ಹೆಸರು ಮತ್ತು ಅವನು ಬರುವ ವಿಳಾಸವನ್ನು ಕೊಟ್ಟು ಕೇಳಿದರೆ ಆ ಸಂದರ್ಭದ ನಿಜವಾದ ಬೆಲೆ ಸಿಗುತ್ತದೆ.

ಪರಿಹಾರವಾಗಿ ಕ್ಲೌಡ್-ಇನಿಟ್‌ನ ಕಡತವನ್ನು ತಿದ್ದುವ ಬದಲು, ಅದೇ ಫೋಲ್ಡರ್‌ನಲ್ಲಿ '10'ರಿಂದ ಆರಂಭವಾಗುವ ಹೆಸರಿನ, '.ಕಾನ್ಫ್' ಎಂದೇ ಮುಗಿಯುವ ನಿಮ್ಮದೇ ಕಡತವನ್ನಿಟ್ಟು, ಬೇಕಾದ ಎಲ್ಲ ನಿರ್ಬಂಧಗಳನ್ನೂ ಅದರಲ್ಲಿ ಬರೆಯುವುದು ಉತ್ತಮ. ಯಂತ್ರದ ಸ್ನ್ಯಾಪ್‌ಶಾಟ್‌ನಿಂದ ಹೊಸ ಯಂತ್ರವನ್ನು ಸೃಷ್ಟಿಸಿದಾಗ ಕ್ಲೌಡ್-ಇನಿಟ್ ಅದನ್ನು ಹೊಸ ಯಂತ್ರವೆಂದೇ ಪರಿಗಣಿಸಿ ತನ್ನ ಕಡತವನ್ನು ಮತ್ತೆ ಬರೆಯಬಲ್ಲದು. ನೀವು ತಿದ್ದಿದ್ದರೆ ಆ ತಿದ್ದುಪಡಿ ಹೋಗುತ್ತದೆ, ನಿಮ್ಮ 10ನೇ ಕಡತವಿದ್ದರೆ ಅದು ಮೊದಲು ಓದಲ್ಪಟ್ಟು ಗೆಲ್ಲುತ್ತದೆ.

ಪಾಸ್‌ವರ್ಡ್ ಕೇಳುವ ಎರಡನೆಯ ವಿಧಾನ

ಪಾಸ್‌ವರ್ಡ್‌ಅಥೆಂಟಿಕೇಷನ್ ನಿಜವಾಗಿಯೂ 'ನೋ' ಆಗಿದ್ದರೂ ಪಾಸ್‌ವರ್ಡ್ ನಡೆಯುವ ಸಂದರ್ಭವೊಂದಿದೆ. ಕೀಬೋರ್ಡ್-ಇಂಟರ್ಯಾಕ್ಟಿವ್ ವಿಧಾನ 'ಯೆಸ್' ಆಗಿದ್ದು ಪ್ಯಾಮ್ (ಲಿನಕ್ಸ್‌ನ ಲಾಗಿನ್ ಪರಿಶೀಲನೆಯ ವ್ಯವಸ್ಥೆ) ಕೂಡ ಚಾಲೂ ಇದ್ದರೆ, ಪ್ಯಾಮ್ ತಾನಾಗಿ ಪಾಸ್‌ವರ್ಡ್ ಕೇಳಿ ಒಳಗೆ ಬಿಡುತ್ತದೆ. ಹಳೆಯ ಕಾನ್ಫಿಗ್‌ಗಳಲ್ಲಿ ಇದೇ ಆಯ್ಕೆ 'ಚಾಲೆಂಜ್‌ರೆಸ್ಪಾನ್ಸ್‌ಅಥೆಂಟಿಕೇಷನ್' ಎಂಬ ಹೆಸರಿನಲ್ಲಿರುತ್ತದೆ. ಉಬುಂಟು ತನ್ನ ಮೂಲ ಕಡತದಲ್ಲಿ ಇದನ್ನು 'ನೋ' ಎಂದೇ ಇಟ್ಟಿರುತ್ತದೆ. ಯಾರಾದರೂ ಮೊಬೈಲ್ ಒಟಿಪಿ ಅಳವಡಿಸಲು ಹೊರಟಾಗ ಇದು 'ಯೆಸ್' ಆಗುತ್ತದೆ. ಆಗಲೇ ಪ್ಯಾಮ್ ಸಾಲಿನಲ್ಲಿ 'ನಲ್‌ಓಕೆ' ಎಂಬ ಪದವೂ ಉಳಿದಿದ್ದರೆ, ಒಟಿಪಿ ನೋಂದಾಯಿಸಿಕೊಳ್ಳದ ಬಳಕೆದಾರರು ಬರೀ ಪಾಸ್‌ವರ್ಡ್‌ನಿಂದಲೇ ಒಳಗೆ ಬರುತ್ತಾರೆ. ಎರಡು ಹಂತದ ಭದ್ರತೆಗೆಂದು ಮಾಡಿದ ಕೆಲಸ ಹೀಗೆ ಇದ್ದ ಭದ್ರತೆಯನ್ನೂ ಕಡಿಮೆ ಮಾಡುತ್ತದೆ. ಒಟಿಪಿ ಬಳಸದವರು ಎರಡೂ ಆಯ್ಕೆಗಳನ್ನು ಒಟ್ಟಿಗೇ 'ನೋ' ಮಾಡಬೇಕು.

ರೂಟ್ ಅಧಿಕಾರ ಯಾರ ಯಾರ ಕೈಯಲ್ಲಿದೆ

ಪ್ರವೇಶದ ವಿಧಾನ ಸರಿಯಾದ ಮೇಲೆ, ಪ್ರವೇಶ ಪಡೆದವರ ಅಧಿಕಾರವನ್ನು ನೋಡಬೇಕು. ಲಿನಕ್ಸ್ ರೂಟ್ ಅನ್ನು ಗುರುತಿಸುವುದು ಹೆಸರಿನಿಂದಲ್ಲ, ಯುಐಡಿ (ಬಳಕೆದಾರನ ಸಂಖ್ಯೆ) ಸೊನ್ನೆಯಿಂದ. /ಇಟಿಸಿ/ಪಾಸ್‌ಡಬ್ಲ್ಯುಡಿ ಕಡತದ ಮೂರನೆಯ ಅಂಕಣದಲ್ಲಿ ಸೊನ್ನೆ ಇರುವ ಖಾತೆಗಳೆಷ್ಟು ಎಂಬುದನ್ನು ನೋಡಿ. ಒಂದಕ್ಕಿಂತ ಹೆಚ್ಚಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು. 'ಡಿನೈಯೂಸರ್ಸ್ ರೂಟ್' ಎಂದು ಬರೆದು ನಿಶ್ಚಿಂತರಾದವರು ಗಮನಿಸಬೇಕು: ಆ ಆಯ್ಕೆ ಹೆಸರನ್ನು ಮಾತ್ರ ನೋಡುತ್ತದೆ, ಬೇರೆ ಹೆಸರಿನ ಯುಐಡಿ ಸೊನ್ನೆಯ ಖಾತೆಯನ್ನು ತಡೆಯುವುದಿಲ್ಲ. ಪರ್ಮಿಟ್‌ರೂಟ್‌ಲಾಗಿನ್ ಯುಐಡಿಯನ್ನೇ ನೋಡುವುದರಿಂದ ಅದನ್ನು ಬಳಸುವುದೇ ಸರಿ.

'ಪಾಸ್‌ಡಬ್ಲ್ಯುಡಿ' ಕಮಾಂಡ್‌ನ ಸ್ಮಾಲ್ 'ಎಲ್' ಆಯ್ಕೆಯಿಂದ ರೂಟ್ ಖಾತೆಯನ್ನು ಲಾಕ್ ಮಾಡಿದ್ದೇವೆ ಎಂಬ ಮಾತನ್ನು ಬಹಳ ಸಲ ಕೇಳುತ್ತೇವೆ. ಅದು ಲಾಕ್ ಮಾಡುವುದು ಪಾಸ್‌ವರ್ಡನ್ನು, ಖಾತೆಯನ್ನಲ್ಲ. ರೂಟ್‌ನ .ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಕೀ ಇದ್ದರೆ, ಪ್ಯಾಮ್ ಚಾಲೂ ಇರುವ ಸಾಮಾನ್ಯ ಉಬುಂಟು ವ್ಯವಸ್ಥೆಯಲ್ಲಿ ಆ ಕೀ ಮೂಲಕ ಪ್ರವೇಶ ಮೊದಲಿನಂತೆಯೇ ಸಿಗುತ್ತದೆ. ಆದ್ದರಿಂದ 'ಆಥರೈಜ್ಡ್_ಕೀಸ್' ಕಡತವನ್ನು ಸಾಲು ಸಾಲಾಗಿ ಪರಿಶೀಲಿಸಬೇಕು. ಮೂಲ ಕಾನ್ಫಿಗ್ ಪ್ರಕಾರ ಎಸ್‌ಎಸ್‌ಎಚ್‌ಡಿ 'ಆಥರೈಜ್ಡ್_ಕೀಸ್2' ಎಂಬ ಎರಡನೆಯ ಕಡತವನ್ನೂ ಓದುತ್ತದೆ ಎಂಬುದು ಹೆಚ್ಚಿನವರ ನೆನಪಿನಲ್ಲಿರುವುದಿಲ್ಲ. ಅಡಗಿಸಿಡಬೇಕೆನ್ನುವವರಿಗೆ ಅದು ಅನುಕೂಲದ ಜಾಗ. 'ಎಸ್‌ಎಸ್‌ಎಚ್-ಕೀಜೆನ್' ಕಮಾಂಡ್‌ನಿಂದ ಪ್ರತಿ ಕೀಯ ಫಿಂಗರ್‌ಪ್ರಿಂಟ್ ತೆಗೆದು, ನಿಮ್ಮ ತಂಡದವರ ಕೀಗಳ ಪಟ್ಟಿಯೊಂದಿಗೆ ತಾಳೆ ನೋಡಿ. ಕೀಯ ಕೊನೆಯಲ್ಲಿರುವ ಹೆಸರನ್ನು ನಂಬಬೇಡಿ, ಅದು ಯಾರು ಏನು ಬೇಕಾದರೂ ಬರೆಯಬಹುದಾದ ಟಿಪ್ಪಣಿ ಅಷ್ಟೇ.

ಅಪರಿಚಿತ ಕೀ ಸಿಕ್ಕಿ, ಲಾಗ್‌ನಲ್ಲಿ ಅದಕ್ಕೆ ಮೊದಲು ಯಾವ ಯಶಸ್ವಿ ಲಾಗಿನ್ನೂ ಇಲ್ಲದಿದ್ದರೆ ರೆಡಿಸ್ ಎಂಬ ಡೇಟಾಬೇಸ್ ಕಡೆಗೆ ನೋಡಿ. ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದಿರುವ, ರೂಟ್ ಆಗಿ ಓಡುತ್ತಿರುವ ರೆಡಿಸ್‌ಗೆ ದತ್ತಾಂಶ ಉಳಿಸುವ ಜಾಗವನ್ನು ರೂಟ್‌ನ .ಎಸ್‌ಎಸ್‌ಎಚ್ ಫೋಲ್ಡರ್ ಎಂದೂ ಕಡತದ ಹೆಸರನ್ನು ಆಥರೈಜ್ಡ್_ಕೀಸ್ ಎಂದೂ ಹೊರಗಿನಿಂದಲೇ ಹೇಳಿ, ತಮ್ಮ ಕೀಯನ್ನು ಅಲ್ಲಿ ಬರೆಸಿಬಿಡುವುದು ಹಲವು ವರ್ಷಗಳಿಂದ ಬಳಕೆಯಲ್ಲಿರುವ ದಾಳಿ. ರೆಡಿಸ್ 3.2 ಆವೃತ್ತಿಯಲ್ಲಿ 'ಪ್ರೊಟೆಕ್ಟೆಡ್ ಮೋಡ್' ಸೇರಿಸಿದ್ದು ಹೀಗೆ ತೆರೆದು ಬಿಟ್ಟ ಸರ್ವರ್‌ಗಳನ್ನು ಕಾಪಾಡಲೆಂದೇ. ಆದರೆ ಬೇರೊಂದು ಯಂತ್ರದಿಂದ ಸಂಪರ್ಕ ಸಿಗಲೆಂದು ಅದನ್ನು ಆಫ್ ಮಾಡುವವರು ಇಂದಿಗೂ ಇದ್ದಾರೆ.

ಸೂಡೋ ವಿಷಯದಲ್ಲಿ ನಿಯಮ ತಿರುಗಿ ನಿಲ್ಲುತ್ತದೆ: ಸೂಡೋಯರ್ಸ್ ಕಡತಗಳಲ್ಲಿ ಹೊಂದುವ ಸಾಲುಗಳ ಪೈಕಿ ಕೊನೆಯದು ಗೆಲ್ಲುತ್ತದೆ. ಎಸ್‌ಎಸ್‌ಎಚ್‌ಡಿಯಲ್ಲಿ ಮೊದಲನೆಯದು, ಸೂಡೋದಲ್ಲಿ ಕೊನೆಯದು. ಎರಡನ್ನೂ ಒಂದೇ ದಿನ ತಿದ್ದುವವರು ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಉಬುಂಟು ಕ್ಲೌಡ್ ಯಂತ್ರಗಳಲ್ಲಿ 'ಉಬುಂಟು' ಹೆಸರಿನ ಬಳಕೆದಾರನಿಗೆ ಪಾಸ್‌ವರ್ಡ್ ಇಲ್ಲದೆಯೇ ಎಲ್ಲ ಅಧಿಕಾರ ಕೊಡುವ ಸಾಲು '90-ಕ್ಲೌಡ್-ಇನಿಟ್-ಯೂಸರ್ಸ್' ಎಂಬ ಕಡತದಲ್ಲಿರುತ್ತದೆ. ಆ ಖಾತೆಯ ಕೀ ಕಳೆದರೆ ರೂಟ್ ಕಳೆದಂತೆಯೇ. ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ 'ಡಾಕರ್'ನ ಗುಂಪಿಗೆ ಸೇರಿಸಿದ ಬಳಕೆದಾರನ ಸ್ಥಿತಿಯೂ ಇದೇ, ಏಕೆಂದರೆ ಅವನು ಯಂತ್ರದ ಇಡೀ ಡಿಸ್ಕನ್ನು ಕಂಟೇನರ್‌ನೊಳಗೆ ಜೋಡಿಸಿಕೊಂಡು ಏನು ಬೇಕಾದರೂ ಬದಲಿಸಬಹುದು. ಸೂಡೋ ಪಟ್ಟಿಯನ್ನು ಪರಿಶೀಲಿಸಿ ಡಾಕರ್ ಗುಂಪನ್ನು ಬಿಟ್ಟರೆ ಪರಿಶೀಲನೆ ಅಪೂರ್ಣ.

ಡಾಕರ್ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಡಾಕರ್‌ನಲ್ಲಿ ಪೋರ್ಟ್ ಪ್ರಕಟಿಸಿದಾಗ ಅದು ಐಪಿಟೇಬಲ್ಸ್ (ಲಿನಕ್ಸ್‌ನ ಒಳ ಫೈರ್‌ವಾಲ್) ನಿಯಮಗಳನ್ನು ನೇರವಾಗಿ ಬರೆಯುವುದರಿಂದ, ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಅದೇ ಪೋರ್ಟನ್ನು ತಡೆದಿದ್ದರೂ ಹೊರಗಿನವರಿಗೆ ತೆರೆದೇ ಇರುತ್ತದೆ. ಮೈಎಸ್‌ಕ್ಯುಎಲ್‌ನ ಅಧಿಕೃತ ಡಾಕರ್ ಇಮೇಜ್ ಡೇಟಾಬೇಸ್‌ನ ರೂಟ್ ಬಳಕೆದಾರನನ್ನು ಯಾವ ವಿಳಾಸದಿಂದ ಬೇಕಾದರೂ ಬರಬಹುದಾದವನಾಗಿ ಸೃಷ್ಟಿಸುತ್ತದೆ; ಇವೆರಡೂ ಸೇರಿದರೆ 3306ನೇ ಪೋರ್ಟ್‌ನಲ್ಲಿ ಡೇಟಾಬೇಸ್‌ನ ರೂಟ್ ಲಾಗಿನ್ ಜಗತ್ತಿಗೇ ತೆರೆದಂತಾಗುತ್ತದೆ. ಪೋರ್ಟ್ ಪ್ರಕಟಿಸುವಾಗ ಮುಂದೆ 127.0.0.1 ಎಂದು ಸೇರಿಸಿದರೆ ಈ ತೊಂದರೆ ಇರುವುದಿಲ್ಲ.

ಬದಲಾವಣೆ ಮಾಡುವ ಕ್ರಮ

ಈಗಿರುವ ಸೆಷನ್ ಮುಚ್ಚಬೇಡಿ. ರೂಟ್ ಪ್ರವೇಶ ನಿಲ್ಲಿಸುವ ಮುನ್ನ ಸೂಡೋ ಅಧಿಕಾರವಿರುವ ಸಾಮಾನ್ಯ ಖಾತೆಯೊಂದರಿಂದ ಕೀ ಮೂಲಕ ಒಳಬಂದು, ಸೂಡೋ ನಡೆಯುತ್ತದೆಯೇ ಎಂದು ನೋಡಿಕೊಳ್ಳಿ. ಕಾನ್ಫಿಗ್ ಬರೆದ ಮೇಲೆ ಎಸ್‌ಎಸ್‌ಎಚ್‌ಡಿಗೆ ಸ್ಮಾಲ್ 'ಟಿ' ಕೊಟ್ಟು ಬರವಣಿಗೆಯ ತಪ್ಪುಗಳಿಲ್ಲವೆಂದು ಖಚಿತಪಡಿಸಿಕೊಂಡು, ನಂತರ ರೀಲೋಡ್ ಮಾಡಿ, ಇನ್ನೊಂದು ಟರ್ಮಿನಲ್‌ನಿಂದ ಹೊಸ ಲಾಗಿನ್ ಪ್ರಯತ್ನಿಸಿ. ರೀಲೋಡ್ ಆದರೂ ಹಳೆಯ ಸೆಷನ್ ಕಡಿಯುವುದಿಲ್ಲವಾದ್ದರಿಂದ, ಹೊಸದು ವಿಫಲವಾದರೆ ಹಳೆಯದರಿಂದ ಸರಿಪಡಿಸಬಹುದು. 24.04ರಲ್ಲಿ ಪೋರ್ಟ್ ಸಂಖ್ಯೆಯನ್ನೂ ಬದಲಿಸುತ್ತಿದ್ದರೆ, ಅಲ್ಲಿ ಪೋರ್ಟನ್ನು ಹಿಡಿದಿರುವುದು ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸಾಕೆಟ್ ಆದ್ದರಿಂದ, 'ಡೀಮನ್-ರೀಲೋಡ್' ಮಾಡಿ ಎಸ್‌ಎಸ್‌ಎಚ್.ಸಾಕೆಟ್ ಅನ್ನು ರೀಸ್ಟಾರ್ಟ್ ಮಾಡಬೇಕು.

ಮನೆಯ ಬ್ರಾಡ್‌ಬ್ಯಾಂಡ್‌ನ ಐಪಿ ವಿಳಾಸಕ್ಕೆ ಮಾತ್ರ ಪ್ರವೇಶ ಕೊಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ವಿಳಾಸ ಬದಲಾದ ದಿನ ನೀವೇ ಹೊರಗುಳಿಯುತ್ತೀರಿ. ಮೊಬೈಲ್ ಜಾಲಗಳಲ್ಲಂತೂ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ, ಹಾಗಾಗಿ ನೀವು ಅನುಮತಿ ಕೊಟ್ಟದ್ದು ಅಪರಿಚಿತರಿಗೂ ಸಲ್ಲುತ್ತದೆ. ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿ, ಎಸ್‌ಎಸ್‌ಎಚ್ ಅದರ ಒಳಗೆ ಮಾತ್ರ ಸಿಗುವಂತೆ ಮಾಡುವುದು ಹೆಚ್ಚು ಭದ್ರ. ಪದೇ ಪದೇ ವಿಫಲವಾಗುವ ವಿಳಾಸಗಳನ್ನು ತಡೆಯುವ ಫೇಲ್2ಬ್ಯಾನ್ ಒಳ್ಳೆಯ ಉಪಕರಣವೇ, ಲಾಗ್‌ನ ಗದ್ದಲವನ್ನು ತಗ್ಗಿಸುತ್ತದೆ. ಆದರೆ ಸಾವಿರ ಬೇರೆ ಬೇರೆ ವಿಳಾಸಗಳಿಂದ ತಲಾ ಒಂದೆರಡು ಯತ್ನ ಮಾಡುವವರನ್ನು ಅದು ಹಿಡಿಯಲಾರದು. ತೆರೆದಿರುವ ಪಾಸ್‌ವರ್ಡ್ ಲಾಗಿನ್‌ಗೆ ಅದನ್ನು ಪರಿಹಾರವೆಂದು ಎಣಿಸಬೇಡಿ.

ಯಾರೋ ಆಗಲೇ ಒಳಬಂದಿದ್ದರೆ

ಅಪರಿಚಿತ 'ಆಕ್ಸೆಪ್ಟೆಡ್' ಸಾಲು ಸಿಕ್ಕಿದ್ದರೆ ಯಂತ್ರವನ್ನು ರೀಬೂಟ್ ಮಾಡದೆ, ಕ್ಲೌಡ್ ಫಲಕದಿಂದ ಮೊದಲು ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆದು, ನಂತರ ಫಲಕದ ಫೈರ್‌ವಾಲ್‌ನಿಂದಲೇ ಅದನ್ನು ಜಾಲದಿಂದ ಬೇರ್ಪಡಿಸಿ. ರೂಟ್ ಅಧಿಕಾರ ಪಡೆದವರು ಕ್ರಾನ್ (ನಿಗದಿತ ವೇಳೆಗೆ ತಾನಾಗಿ ಓಡುವ) ಕೆಲಸಗಳನ್ನು, ಸಿಸ್ಟಮ್‌ಡಿ ಸೇವೆಗಳನ್ನು, ಎಸ್‌ಎಸ್‌ಎಚ್‌ಡಿಯನ್ನೇ ಬದಲಿಸಿರಬಹುದಾದ್ದರಿಂದ, ಆ ಯಂತ್ರವನ್ನು ಶುಚಿಗೊಳಿಸಿ ಮತ್ತೆ ಬಳಸುವ ಆಸೆ ಬೇಡ. ಹೊಸ ಯಂತ್ರ ಕಟ್ಟಿ, ದತ್ತಾಂಶವನ್ನು ಮಾತ್ರ ಪರಿಶೀಲಿಸಿ ತರಬೇಕು. ಹಳೆಯ ಯಂತ್ರದಲ್ಲಿದ್ದ ಪ್ರತಿ ಪಾಸ್‌ವರ್ಡ್, ಎಪಿಐ ಕೀ ಮತ್ತು ಅಲ್ಲಿಂದ ಬೇರೆ ಯಂತ್ರಗಳಿಗೆ ಹೋಗುತ್ತಿದ್ದ ಎಸ್‌ಎಸ್‌ಎಚ್ ಕೀಗಳನ್ನು ಬದಲಿಸಬೇಕು.

ಭಾರತದಲ್ಲಿ ನಡೆಯುವ ಸಂಸ್ಥೆಗಳಿಗೆ ಕಾನೂನಿನ ಹೊಣೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಹಳೆಯ ಲಾಗ್‌ಗಳನ್ನು ಸರದಿಯಂತೆ ತೆಗೆಯುವ ಉಬುಂಟುವಿನ ಲಾಗ್‌ರೊಟೇಟ್ ಮೂಲ ರೂಪದಲ್ಲಿ ಆಥ್.ಲಾಗ್ ಅನ್ನು ವಾರಕ್ಕೊಮ್ಮೆ ತಿರುಗಿಸಿ 4 ಹಳೆಯ ಪ್ರತಿಗಳನ್ನಷ್ಟೇ ಉಳಿಸುತ್ತದೆ. ಅಂದರೆ ಸುಮಾರು ಒಂದು ತಿಂಗಳ ಹಿಂದಿನ ಪ್ರವೇಶದ ಸುಳಿವೇ ಇರುವುದಿಲ್ಲ. /ಇಟಿಸಿ/ಲಾಗ್‌ರೊಟೇಟ್.ಡಿ ಒಳಗಿನ ಆರ್‌ಸಿಸ್‌ಲಾಗ್ ಕಡತದಲ್ಲಿ ಆ 4 ಅನ್ನು ಕನಿಷ್ಠ 26ಕ್ಕೆ ಏರಿಸಿ, ಜೊತೆಗೆ ರೂಟ್ ಅಧಿಕಾರ ಕದ್ದವರೂ ಅಳಿಸಲಾಗದಂತೆ ಲಾಗ್‌ಗಳ ಪ್ರತಿ ಆಯಾ ಕ್ಷಣವೇ ಬೇರೊಂದು ಯಂತ್ರಕ್ಕೆ ಹೋಗುವ ಏರ್ಪಾಡು ಮಾಡಿ.